ಮೊದಲಿನ ಫೋಟೋ

ಜನವರಿ 20, ಸೋಮವಾರ

ಬೆಳಿಗ್ಗೆ ಏಳಕ್ಕೆ ಬೀದರಿನ ನೌಬಾದದ ಮನೆ ಬಿಟ್ಟರೆ ಕಪ್ಪರವಾಡಿ ಪಂಚಾಯಿತಿಯ ಬಾಗಿಲು ಮುಟ್ಟುವಾಗ ಒಂಬತ್ತೂವರೆ. ಔರಾದವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಎರಡನೆಯದರಲ್ಲಿ ಪಕ್ಕದ ಸೀಟಿನವನು ನನ್ನನ್ನು ದಾಟಿ ಕಿಟಕಿಯಿಂದ ಹೊರಗೆ ಗುಟ್ಕಾ ಉಗುಳಿದ. ಹನಿ ನನ್ನ ದುಪಟ್ಟಾದ ಮೇಲೆ ಬಿತ್ತು. ತಪ್ಪಾಯಿತು ಅನ್ನಲಿಲ್ಲ, ಗಾಳಿ ಜೋರಾಗಿದೆ ಎಂದ. ಪಂಚಾಯಿತಿಗೆ ಬಂದವಳೇ ಮೂರು ಸಲ ಸೋಪು ಹಾಕಿ ತೊಳೆದೆ. ತೊಳೆದು ಬಂದರೆ ಎದುರಿಗೆ ಅಧ್ಯಕ್ಷ ಸಂಜುಕುಮಾರ. ಅವನ ಬಾಯಲ್ಲೂ ಅದೇ ಗುಟ್ಕಾ. ಅದನ್ನು ಒಂದು ದವಡೆಗೆ ತಳ್ಳಿಕೊಂಡೇ ನನ್ನ ಜೊತೆ ಊರಿನ ಅಭಿವೃದ್ಧಿಯ ಮಾತಾಡುತ್ತಾನೆ.

ಮಹಾಮಾಯಾ, ಅಭಿವೃದ್ಧಿ ಅಧಿಕಾರಿ ಎಂದು ನನ್ನ ಬಾಗಿಲ ಮೇಲೆ ಬರೆದಿದೆ. ಈ ಊರಲ್ಲಿ ಎರಡು ವರ್ಷ ಕಳೆದೆ. ಬೀದರಿನ ಪಕ್ಕದ ಅಷ್ಟೂರು ಪಂಚಾಯಿತಿಯಲ್ಲಿ ಇದೇ ಹುದ್ದೆ ಏಪ್ರಿಲ್‌ನಲ್ಲಿ ಖಾಲಿಯಾಗುತ್ತದೆಯಂತೆ. ಮನೆಯಿಂದ ಸ್ಕೂಟಿಯಲ್ಲಿ ಹದಿನೈದು ನಿಮಿಷದ ದಾರಿ. ಅನುದಾನವನ್ನು ಪೂರ್ತಿ ಬಳಸಿದವರಿಗೆ ಕೇಳಿದ ಜಾಗ ಸಿಗುತ್ತದೆ ಎಂದು ಮೇಲಿನ ಸಾಹೇಬರು ಬಾಯಿಬಿಟ್ಟು ಹೇಳಿದ್ದಾರೆ. ಈ ಮಾರ್ಚ್ ಒಂದನ್ನು ದಾಟಿಸಿದರೆ ಈ ಬಸ್ಸು, ಈ ಉಗುಳು ಎಲ್ಲ ಮುಗಿಯಿತು.

ಜನವರಿ 22, ಬುಧವಾರ

ಕೇಂದ್ರದ ಹಣಕಾಸು ಆಯೋಗದ ಅನುದಾನದಲ್ಲಿ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಟ್ಟ ಪಾಲು ಇರುತ್ತದೆ. ಅದನ್ನು ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ. ಈ ವರ್ಷ ಅದರಲ್ಲಿ ಕುರಿಯವರ ಓಣಿಯ ಕೆಲಸ ಹಾಕಿದ್ದೇವೆ. ಅಲ್ಲಿ ಕುಡಿಯುವ ನೀರಿನ ಪೈಪು ಗಟಾರದೊಳಗಿಂದಲೇ ಹಾದು ಹೋಗಿದೆ. ಯಾವ ಪುಣ್ಯಾತ್ಮ ಹಾಕಿಸಿದನೋ ಗೊತ್ತಿಲ್ಲ. ಪೈಪನ್ನು ಮೇಲಕ್ಕೆತ್ತಿ ಹೊಸದು ಹಾಕುವುದು, ಗಟಾರವನ್ನು ಕಲ್ಲುಹಾಸಿನಿಂದ ಮುಚ್ಚುವುದು. ಇಷ್ಟೇ ಕೆಲಸ.

ಇದಕ್ಕೆ ಆ್ಯಪ್‌ನಲ್ಲಿ ಮೂರು ಫೋಟೋ ಹಾಕಬೇಕು. ಕೆಲಸಕ್ಕೆ ಮೊದಲು ಒಂದು, ನಡೆಯುವಾಗ ಒಂದು, ಮುಗಿದ ಮೇಲೆ ಒಂದು. ಕೊನೆಯದರಲ್ಲಿ ಫಲಾನುಭವಿ ನೀರು ಕುಡಿಯುತ್ತಿರಬೇಕು, ಮುಖ ಕಾಣಬೇಕು, ಕೆಳಗೆ ಅವರ ಹೆಸರು ಬರೆಯಬೇಕು. ಮೊದಲಿನ ಫೋಟೋ ತೆಗೆಯಲು ಇವತ್ತು ನಾನೇ ಹೋದೆ. ಆ ಓಣಿಯ ವಾಸನೆ ಇನ್ನೂ ಮೂಗಿನಲ್ಲಿದೆ. ಕುರಿಯ ಹಿಕ್ಕೆ, ಒದ್ದೆ ಉಣ್ಣೆ, ಕೊಳೆತ ಗಟಾರ. ಗಟಾರದ ಹಸಿರು ನೀರಲ್ಲಿ ಪೈಪು ಮುಳುಗಿ ಮಲಗಿತ್ತು. ಹತ್ತಿರ ಹೋಗಲು ಕಾಲಿಟ್ಟೆ, ಚಪ್ಪಲಿ ಸಮೇತ ಪಾದ ಹೂತಿತು. ಚಪ್ಪಲಿಯದೊಂದು ಫೋಟೋ ತೆಗೆದು, ನಿನ್ನ ಹೆಂಡತಿಯ ನೌಕರಿ ನೋಡು ಎಂದು ಸ್ವಪ್ನಿಲನಿಗೆ ಕಳಿಸಿದೆ. ಪೈಪಿನದು ಮುಂದಿನ ವಾರ ತೆಗೆದರಾಯಿತು ಎಂದು ಹಿಂದೆ ತಿರುಗಿದೆ.

ತಿರುಗುವಷ್ಟರಲ್ಲಿ ಕಾಂತಾಬಾಯಿ ತಾಮ್ರದ ತಂಬಿಗೆ ಹಿಡಿದು ಎದುರಿಗೆ ನಿಂತಿದ್ದಳು. ಓಣಿಯ ಮಹಿಳಾ ಸಂಘದ ಮುಖ್ಯಸ್ಥೆ, ಅರವತ್ತರ ಹೆಂಗಸು. ಗಂಡ ಮಡೆಪ್ಪ ಕುರಿ ಹಿಂದೆ ಹೋದರೆ ವಾರಗಟ್ಟಲೆ ಬರುವುದಿಲ್ಲ, ಮನೆ ಓಣಿ ಎರಡೂ ಇವಳ ಕೈಯಲ್ಲಿ. ಬಂದವರಿಗೆ ಮೊದಲು ನೀರು, ಆಮೇಲೆ ಮಾತು ಎನ್ನುವುದು ಆ ಓಣಿಯ ಪದ್ಧತಿ. ನಾನು ಬೇಡ ಎಂದು ನನ್ನ ಬಾಟಲಿ ತೆಗೆದು ಅವಳೆದುರೇ ಕುಡಿದೆ. ಅವಳು ತಂಬಿಗೆಯನ್ನು ಸೆರಗಿನ ಕೆಳಗೆ ಮುಚ್ಚಿಕೊಂಡಳು. ಕೆಲಸ ಯಾವಾಗ ಎಂದು ಕೇಳಿದಳು. ಮಾರ್ಚ್ ಎಂದೆ.

ಫೆಬ್ರವರಿ 2, ಭಾನುವಾರ

ಭಾತಂಬ್ರಾಕ್ಕೆ ಅವ್ವನ ಹತ್ತಿರ ಹೋಗಿದ್ದೆ. ಅಣ್ಣನ ಮಕ್ಕಳೆಲ್ಲ ಇದ್ದರು, ಮನೆ ತುಂಬಿತ್ತು. ಊಟಕ್ಕೆ ಕುಳಿತಾಗ ಆ ತಂಬಿಗೆಯ ಕಥೆ ಹೇಳಿದೆ. ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವ್ವ ಚಿಕ್ಕವಳಿದ್ದಾಗ ಊರವರು ಅವಳ ಬೊಗಸೆಗೆ ಮೇಲಿನಿಂದ ನೀರು ಸುರಿಯುತ್ತಿದ್ದರು. ಪಾತ್ರೆ ಮುಟ್ಟಿಸುತ್ತಿರಲಿಲ್ಲ. ಈಗ ಅವಳ ಮಗಳ ಮುಂದೆ ಅಂಥ ಊರಿನವರೇ ತಂಬಿಗೆ ಹಿಡಿದು ನಿಲ್ಲುತ್ತಾರೆ, ಮಗಳು ಬೇಡ ಅನ್ನುತ್ತಾಳೆ. ಅವ್ವ ನಗುತ್ತಾಳೆ ಅಂದುಕೊಂಡಿದ್ದೆ.

ಅವಳು ರೊಟ್ಟಿ ಮುರಿಯುವುದು ನಿಲ್ಲಿಸಿದಳು.

"ನೀರ ಕೊಡಲಾರದವರನ ಭಾಳ ಮಂದಿನ ನೋಡೀನಿ, ಮಹಾಮಾಯಾ. ಕೊಟ್ಟ ನೀರ ಬ್ಯಾಡ ಅಂದವರನ ನಮ್ಮ ಮನ್ಯಾಗ ನೋಡಿದ್ದಿಲ್ಲ."

ಅದು ಗಟಾರದ ನೀರು ಅವ್ವ ಎಂದೆ. ಅವರು ಅದನ್ನೇ ಕುಡಿಯುತ್ತಾರಲ್ಲ ಎಂದಳು. ಅವಳಿಗೆ ಈ ವಿಷಯ ತಿಳಿಯುವುದಿಲ್ಲ. ಸಂಜೆ ಬಸ್ಸಿನಲ್ಲಿ ಯಾರೋ ಕೋಳಿ ಇಟ್ಟುಕೊಂಡು ಕುಳಿತಿದ್ದರು, ಭಾಲ್ಕಿ ಬರುವವರೆಗೂ ಅದರ ರೆಕ್ಕೆ ನನ್ನ ತೋಳಿಗೆ ತಾಗುತ್ತಿತ್ತು.

ಫೆಬ್ರವರಿ 10, ಸೋಮವಾರ

ಅನುದಾನ ಬಂತು. ಮೊದಲಿನ ಫೋಟೋ ತೆಗೆದುಬಿಡೋಣ ಎಂದು ಕುರಿಯವರ ಓಣಿಗೆ ಹೋದೆ. ಈ ಸಲ ಬೂಟು ಹಾಕಿಕೊಂಡು ಹೋಗಿದ್ದೆ.

ಗಟಾರದಲ್ಲಿ ಪೈಪು ಇಲ್ಲ.

ಪಕ್ಕದಲ್ಲಿ ಮೊಣಕಾಲೆತ್ತರಕ್ಕೆ ಕಲ್ಲು ಜೋಡಿಸಿ, ಅದರ ಮೇಲೆ ಹೊಸ ಪೈಪನ್ನು ಓಣಿಯ ತುದಿಯವರೆಗೆ ದಾರ ಹಿಡಿದಂತೆ ಒಯ್ದಿದ್ದಾರೆ. ನಲವತ್ತು ಮನೆ, ನಲವತ್ತು ನಳ. ಕಾಂತಾಬಾಯಿ ನನಗೆ ಒಂದೊಂದನ್ನೂ ತೋರಿಸಿದಳು. ಮೊಮ್ಮಗಳು ಆರತಿಗೆ ಜನವರಿಯಲ್ಲಿ ಎರಡು ಸಲ ವಾಂತಿ ಭೇದಿ ಆಯಿತಂತೆ. ಮಾರ್ಚ್‌ವರೆಗೆ ಕಾಯುವುದು ಬೇಡ ಎಂದು ಹೆಂಗಸರೆಲ್ಲ ನಾಲ್ಕು ದಿನ ಕೂಲಿ ಬಿಟ್ಟು ಹೊಲದ ಬದುವಿನ ಕಲ್ಲು ಹೊತ್ತರಂತೆ. ಪೈಪು ಸಂಘದ ಉಳಿತಾಯದ್ದು. ಜೋಡಿಸಿದವನು ಔರಾದಿನ ಹಬೀಬ, ಮುದುಕ, ಪ್ಲಂಬಿಂಗ್ ಬಿಟ್ಟು ಹತ್ತು ವರ್ಷವಾಗಿದೆ. ಕೂಲಿ ಬೇಡ ಎಂದನಂತೆ, ಇವರು ಬಿಡದೆ ಮನೆಯಲ್ಲೇ ನೇಯ್ದ ಕಂಬಳಿ ಹೊದಿಸಿ ಕಳಿಸಿದರಂತೆ. ಅವನದೊಂದು ನಿಯಮವಂತೆ: ಲೈನ್ ಹಾಕಿದವನೇ ಅದರ ಮೊದಲ ತಂಬಿಗೆ ಕುಡಿಯಬೇಕು. ಕುಡಿದು ತೋರಿಸಿ, ಆಮೇಲೆ ಓಣಿಯವರಿಗೆ ಬಿಟ್ಟನಂತೆ. ಆರತಿ ಏಳು ವರ್ಷದ ಹುಡುಗಿ, ನಳದ ಕೆಳಗೆ ಕೈ ಹಿಡಿದು ನನ್ನ ಬೂಟಿನ ಮೇಲೆ ನೀರು ಚಿಮುಕಿಸಿ ಓಡಿದಳು.

ನನಗೆ ಸಂತೋಷವಾಗಬೇಕಿತ್ತು. ಫೋನ್ ತೆಗೆದು ಹಿಂದಿನ ಫೋಟೋ ಹುಡುಕಿದೆ. ಇನ್ನೆಲ್ಲಿಯ ಮೊದಲಿನ ಫೋಟೋ? ಜನವರಿ 22ರದು ಎಂದು ಫೋನಿನಲ್ಲಿ ಇರುವುದು ನನ್ನ ಚಪ್ಪಲಿಯ ಫೋಟೋ ಒಂದೇ. ಒಂದು ಮಾತು ಕೇಳದೆ, ಪಂಚಾಯಿತಿಗೆ ತಿಳಿಸದೆ ಈ ಜನ ಹೀಗೆ ಮಾಡಿಬಿಟ್ಟರಲ್ಲ ಎಂದು ಸಿಟ್ಟು ಬಂತು. ತಂಬಿಗೆ ಬಂತು, ನೀರಡಿಕೆಯಿಲ್ಲ ಎಂದೆ.

ಫೆಬ್ರವರಿ 17, ಸೋಮವಾರ

ವಾರವೆಲ್ಲ ಫೋನಿನಲ್ಲೇ ಕಳೆಯಿತು. ಯಾವ ಕೆಲಸ ಎಂದು ಹೇಳದೆ ಕೇಳಿದರೆ, ಆಗಿ ಹೋದ ಕೆಲಸಕ್ಕೆ ಅನುದಾನ ಇಲ್ಲ ಎಂದರು ಮೇಲಿನ ಸಾಹೇಬರು. ಬೇರೆ ಕೆಲಸಕ್ಕೆ ಬದಲಿಸುತ್ತೇನೆ ಎಂದೆ. ಗ್ರಾಮಸಭೆ, ಠರಾವು, ಒಪ್ಪಿಗೆ ಎಲ್ಲ ಮುಗಿಯುವಾಗ ಜೂನ್ ಬರುತ್ತದೆ ಎಂದರು. ಮಾರ್ಚ್ ಕೊನೆಗೆ ಕೆಲಸ ತೋರಿಸದಿದ್ದರೆ ಇಡೀ ಪಂಚಾಯಿತಿಗೆ ಮುಂದಿನ ಕಂತು ನಿಲ್ಲುತ್ತದೆ. ಶಾಲೆಯ ಶೌಚಾಲಯ ನಿಲ್ಲುತ್ತದೆ, ಅದೇ ಓಣಿಯ ಗಟಾರದ ಕಲ್ಲುಹಾಸೂ ನಿಲ್ಲುತ್ತದೆ. ಅಷ್ಟೂರಿನ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸಂಜುಕುಮಾರ ಗುಟ್ಕಾ ಉಗುಳಿ ಬಂದು ಪರಿಹಾರ ಹೇಳಿದ. ಎಷ್ಟು ಸಲೀಸಾಗಿ ಹೇಳಿದನೆಂದರೆ ನನಗೆ ಅಸಹ್ಯವಾಯಿತು.

"ಹೊಸಾದು ತೆಗ್ಯೂದು, ಹಳೀದು ಗಟಾರದಾಗ ಇಡೂದು. ಫೋಟೋ ಆದ ಮ್ಯಾಲ ಮತ್ತ ಹಾಕೂದು. ಇದರಾಗೇನದರಿ ಮೇಡಂ?"

ಇಂಥ ಮಾತು ನನ್ನ ಕೋಣೆಯಲ್ಲಿ ಆಡಬಾರದು ಎಂದೆ. ಅವನು ನಕ್ಕ. ಅವನ ಹಲ್ಲು ನೋಡಿದರೆ ಮಧ್ಯಾಹ್ನದ ಊಟ ಸೇರುವುದಿಲ್ಲ.

ಫೆಬ್ರವರಿ 20, ಗುರುವಾರ

ಯೋಚಿಸಿ ನೋಡಿದರೆ ಅದೊಂದು ತಾಂತ್ರಿಕ ವಿಷಯ. ಕೆಲಸ ಆಗಬೇಕಾಗಿತ್ತು, ಆಗಿದೆ. ದಾಖಲೆ ಇರಬೇಕಾಗಿತ್ತು, ಇಲ್ಲ. ದಾಖಲೆಯನ್ನು ಹೊಂದಿಸುವುದಕ್ಕೆ ಅರ್ಧ ದಿನ ಸಾಕು. ಯಾರ ದುಡ್ಡನ್ನೂ ಯಾರೂ ತಿನ್ನುತ್ತಿಲ್ಲ. ಸಂಜುಕುಮಾರ ಅದನ್ನು ಹೇಳಿದ ರೀತಿ ಅಸಹ್ಯ, ಅಷ್ಟೇ.

ಸ್ವಪ್ನಿಲನಿಗೆ ಹೇಳಿದೆ. ನೀನೂ ಅವರ ಹಾಗೆ ಯೋಚಿಸುವುದು ಕಲಿತೆ ಎಂದು ತಮಾಷೆ ಮಾಡಿದ. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಎಲ್ಲವೂ ತಮಾಷೆ.

ಫೆಬ್ರವರಿ 24, ಸೋಮವಾರ

ಹೀಗೆ ಹಿಂದೆ ಕೆಲವರು ಸುಳ್ಳು ಫೋಟೋ ಹಾಕಿದ್ದರಿಂದ ಈ ವರ್ಷ ಫೋಟೋದ ಜೊತೆ ತಪಾಸಣೆಯೂ ಇದೆ. ಸಾಹೇಬರು ತಾವೇ ಬಂದು ನೋಡುತ್ತಾರಂತೆ. ಪೈಪು ಸುಮ್ಮನೆ ಗಟಾರದಲ್ಲಿ ಬಿದ್ದಿದ್ದರೆ ಸಾಲದು, ಅದರಲ್ಲಿ ನೀರು ಹರಿಯುತ್ತಿರಬೇಕು. ನಾಳೆ ಬರುತ್ತೇನೆ ಎಂದರು.

ಕಾಂತಾಬಾಯಿಯ ಅಂಗಳದಲ್ಲಿ ಹೆಂಗಸರನ್ನು ಕೂಡಿಸಿ, ಹೊಸ ಪೈಪು ಬಿಚ್ಚಿ ಒಂದು ದಿನದ ಮಟ್ಟಿಗೆ ಹಳೆಯದನ್ನು ಗಟಾರದಲ್ಲಿ ಇಡಬೇಕು ಎಂದೆ. ಕಲ್ಲುಹಾಸಿನ ವಿಷಯ ಹೇಳಿದೆ, ಶಾಲೆಯ ವಿಷಯ ಹೇಳಿದೆ. ಆ ನೀರನ್ನು ಬಟ್ಟೆ ಪಾತ್ರೆಗೆ ಬಳಸಿ, ಕುಡಿಯಲು ಟ್ಯಾಂಕರ್ ಕಳಿಸುತ್ತೇನೆ ಎಂದೆ. ಕಾಂತಾಬಾಯಿ ನನ್ನ ಮುಖವನ್ನೇ ನೋಡಿದಳು.

"ಒಂದ ದಿನ ಅಂದ್ರ ಒಂದ ದಿನಾರಿ?"

ಒಂದೇ ದಿನ ಎಂದೆ.

ಹಬೀಬನಿಗೆ ಹೇಳಿ ಕಳಿಸಿದೆವು. ತನ್ನ ಕೈಯ ಕೆಲಸ, ನಾಜೂಕಾಗಿ ಬಿಚ್ಚುತ್ತಾನೆ ಎಂದುಕೊಂಡಿದ್ದೆ. ಹೆಗಲ ಮೇಲೆ ಕಂಬಳಿ ಹಾಕಿಕೊಂಡೇ ಬಂದ, ನನ್ನ ಮಾತನ್ನು ಕೊನೆಯವರೆಗೂ ಕೇಳಿದ.

"ಕಟ್ಟೂದು ನಂಗ ಬರ್ತದರಿ. ಬಿಚ್ಚೂದು ನಾ ಕಲ್ತಿಲ್ಲ."

ಇಷ್ಟು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದ. ಸಂಜುಕುಮಾರನ ಆಳುಗಳು ಗರಗಸ ತಂದು ಅರ್ಧ ಗಂಟೆಯಲ್ಲಿ ಎಲ್ಲ ಬಿಚ್ಚಿದರು. ಒಬ್ಬ ಕಲ್ಲಿನ ಮೇಲೆ ಉಗುಳಿದ. ಹಳೆಯ ಪೈಪನ್ನು ಗಟಾರಕ್ಕೆ ಇಳಿಸುವಾಗ ಎದ್ದ ವಾಸನೆಗೆ ನಾನು ಮೂಗಿಗೆ ದುಪಟ್ಟಾ ಒತ್ತಿಕೊಂಡು ನಿಂತೆ. ಫೋಟೋ ಚೆನ್ನಾಗಿ ಬಂದಿದೆ, ಪೈಪು ಸ್ಪಷ್ಟವಾಗಿ ಕಾಣುತ್ತದೆ.

ಫೆಬ್ರವರಿ 25, ಮಂಗಳವಾರ

ಸಾಹೇಬರು ಬರಲಿಲ್ಲ. ಮೀಟಿಂಗ್ ಇತ್ತಂತೆ. ಟ್ಯಾಂಕರ್ ಬಂದಿತ್ತು.

ಫೆಬ್ರವರಿ 28, ಶುಕ್ರವಾರ

ಶಿವರಾತ್ರಿಯ ರಜೆ ಆಯಿತು, ಮರುದಿನ ಅವರ ಗಾಡಿ ಕೆಟ್ಟಿತು, ಇವತ್ತು ಫೋನ್ ಎತ್ತಲಿಲ್ಲ. ಟ್ಯಾಂಕರಿನವನು ಒಂದು ದಿನ ಅಂತ ಹೇಳಿದ್ದು ನೀವೇ ಅಲ್ಲವೇ ಎಂದು ಕೇಳಿ ಬರುವುದು ನಿಲ್ಲಿಸಿದ್ದಾನೆ. ಇನ್ನೊಬ್ಬನನ್ನು ಹುಡುಕು ಎಂದು ಸಂಜುಕುಮಾರನಿಗೆ ಹೇಳಿದ್ದೇನೆ. ಹುಡುಕಿದನೋ ಇಲ್ಲವೋ ಕೇಳಲಿಲ್ಲ. ಓಣಿಯ ಕಡೆ ಹೋಗಲಿಲ್ಲ. ಕಚೇರಿಯಲ್ಲೇ ಸಾಕಷ್ಟು ಕೆಲಸವಿದೆ.

ಇಡೀ ವ್ಯವಸ್ಥೆಯೇ ಹೇಸಿಗೆ. ಒಬ್ಬನಿಗಾದರೂ ಹೇಳಿದ ದಿನಕ್ಕೆ ಬರುವ ನಿಯತ್ತು ಇದೆಯೇ?

ಮಾರ್ಚ್ 2, ಭಾನುವಾರ

ಬೆಳಿಗ್ಗೆ ಸಂಜುಕುಮಾರನ ಫೋನು. ಓಣಿಯಲ್ಲಿ ಹನ್ನೊಂದು ಜನಕ್ಕೆ ವಾಂತಿ ಭೇದಿ. ಆರತಿಯನ್ನು ನಿನ್ನೆ ಸಂಜೆ ಬೀದರಿನ ದವಾಖಾನೆಗೆ ತಂದಿದ್ದಾರೆ. ಕುಡಿಯಬೇಡಿ ಅಂತ ಹೇಳಿದ್ದೆನಲ್ಲ ಎಂದೆ. ಟ್ಯಾಂಕರ್ ಬರದಿದ್ದರೆ ಅವರು ಏನು ಕುಡಿಯಬೇಕಿತ್ತು ಎಂದು ಅವನು ಕೇಳಿದ. ಆ ಬಾಯಿಂದ ಅಂಥ ಪ್ರಶ್ನೆ ಬರಬಹುದು ಎಂದು ನಾನು ಎಣಿಸಿರಲಿಲ್ಲ.

ದವಾಖಾನೆ ನಮ್ಮ ಮನೆಯಿಂದ ಹತ್ತು ನಿಮಿಷ. ಹೋಗಬೇಕೆಂದು ಸೀರೆ ಉಟ್ಟೆ. ಸೀರೆ ಉಟ್ಟು ಸಂಜೆಯವರೆಗೆ ಮನೆಯಲ್ಲಿದ್ದೆ.

ಮಾರ್ಚ್ 4, ಮಂಗಳವಾರ

ಸಾಹೇಬರು ಬಂದರು. ಪರಿಮಳ ಪೂಸಿದ ಕರವಸ್ತ್ರ ಮೂಗಿಗೆ ಹಿಡಿದುಕೊಂಡು ಓಣಿಯ ತುದಿಯಲ್ಲೇ ನಿಂತು ನೋಡಿದರು, ಒಳಗೆ ಕಾಲಿಡಲಿಲ್ಲ. ಛೀ, ಎಂಥ ಸ್ಥಿತಿಯಲ್ಲಿ ಬದುಕುತ್ತಾರೆ ಈ ಜನ ಎಂದರು. ಎರಡು ನಿಮಿಷದಲ್ಲಿ ಸಹಿ ಹಾಕಿದರು. ರೋಗಿಗಳಿದ್ದಾರೆ ಎಂದು ಹೇಳಿದೆ. ಹಾಗಾದರೆ ಕೆಲಸದ ತುರ್ತು ಸಾಬೀತಾಯಿತು, ವರದಿಯಲ್ಲಿ ಸೇರಿಸಿ ಎಂದರು.

ಆ ಕರವಸ್ತ್ರವನ್ನು ಕಿತ್ತು ಅದೇ ಗಟಾರಕ್ಕೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಅವರಿಗೆ ಚಹಾ ತರಿಸಿದೆ.

ಸೇರಿಸಿದೆ.

ಮಾರ್ಚ್ 5, ಬುಧವಾರ

ದವಾಖಾನೆಗೆ ಹೋಗಿದ್ದೆ. ಒಂದು ಮಂಚದ ಮೇಲೆ ಎರಡು ಮಕ್ಕಳು ಮಲಗಿದ್ದವು. ಆರತಿ ಗೋಡೆಯ ಕಡೆ ಇದ್ದಳು. ಸಲೈನ್ ಸೂಜಿ ನಿಲ್ಲಲೆಂದು ಅವಳ ಕೈಗೆ ರಟ್ಟಿನ ತುಂಡು ಕಟ್ಟಿದ್ದರು. ಕಣ್ಣು ಒಳಗೆ ಹೋಗಿದ್ದವು. ಅವಳ ತಾಯಿ ಸೌಂದರ್ಯಾ ನನ್ನನ್ನು ಗುರುತಿಸಿ ಎದ್ದು ನಿಂತಳು. ಕೂತಿರಮ್ಮ ಎಂದರೂ ಕೂರಲಿಲ್ಲ. ಹುಡುಗಿ ಅಷ್ಟರಲ್ಲಿ ವಾಂತಿ ಮಾಡಿಕೊಂಡಳು, ನನ್ನ ಕೈ ಮೇಲೆ, ಸೆರಗಿನ ಮೇಲೆ. ಬಾಯಿ ಒರೆಸಿದೆ. ಡಾಕ್ಟರು ಇನ್ನೆರಡು ದಿನ ನೋಡಬೇಕು ಎಂದರು. ಮೊನ್ನೆ ರಾತ್ರಿ ಕಠಿಣವಿತ್ತಂತೆ, ಮಗು ಕೈ ಬಿಟ್ಟು ಹೋಗುತ್ತದೆ ಎಂದುಕೊಂಡಿದ್ದರಂತೆ.

ಕಾಂತಾಬಾಯಿ ಕಾಣಲಿಲ್ಲ. ಊರಲ್ಲಿ ಉಳಿದವರನ್ನು ನೋಡಿಕೊಳ್ಳುತ್ತಿದ್ದಾಳೆ, ನಳದ ವಾಲ್ವ್ ತಾನೇ ಬಂದ್ ಮಾಡಿ ಎರಡು ಮೈಲಿ ದೂರದ ಬಾವಿಯಿಂದ ನೀರು ಹೊರಿಸುತ್ತಿದ್ದಾಳೆ ಎಂದು ಸೌಂದರ್ಯಾ ಹೇಳಿದಳು.

ಸೀರೆಯನ್ನು ಮನೆಗೆ ಬಂದ ಮೇಲೆ ತೊಳೆದೆ. ಅದುವರೆಗೂ ಅದೇ ಸೀರೆಯಲ್ಲಿದ್ದೆ.

ಮಾರ್ಚ್ 8, ಶನಿವಾರ

ಬೀದರಿನಲ್ಲಿ ಮಹಿಳಾ ದಿನಾಚರಣೆ. ಶುದ್ಧ ನೀರಿಗಾಗಿ ಶ್ರಮಿಸಿದ ಅಧಿಕಾರಿ ಎಂದು ನನಗೂ ಶಾಲು ಹೊದಿಸಿದರು. ಅಗ್ಗದ ಶಾಲು, ಕುತ್ತಿಗೆ ತುರಿಸಿತು. ವೇದಿಕೆಯಿಂದ ಇಳಿಯುವಾಗ ಅಷ್ಟೂರಿನ ವಿಷಯ ಆದಂತೆಯೇ ಎಂದು ಸಾಹೇಬರು ಕಿವಿಯಲ್ಲಿ ಹೇಳಿದರು. ಥ್ಯಾಂಕ್ಸ್ ಎಂದೆ.

ಆರತಿಯನ್ನು ನಿನ್ನೆ ಮನೆಗೆ ಕಳಿಸಿದ್ದಾರೆ.

ಮಾರ್ಚ್ 10, ಸೋಮವಾರ

ಸಂಜುಕುಮಾರ ಕೆಲಸ ಶುರು ಮಾಡುವ ಮೊದಲೇ ಕಾಂತಾಬಾಯಿ ಶುರು ಮಾಡಿದ್ದಳು. ನಾನು ಹೋಗುವಾಗ ಹಬೀಬ ಕೊನೆಯ ತುಂಡನ್ನು ಜೋಡಿಸುತ್ತಿದ್ದ. ಗರಗಸ ಹಾಕಿದ ಕಡೆಯೆಲ್ಲ ಪೈಪು ಒಂದೊಂದು ಗೇಣು ಕಡಿಮೆಯಾಗಿತ್ತು, ಹಾಗಾಗಿ ಲೈನಿನ ಉದ್ದಕ್ಕೂ ಕೀಲುಗಳು. ಮೊದಲಿನ ನೇರ ಇಲ್ಲ. ಮಡೆಪ್ಪ ಕುರಿಗಳನ್ನು ಯಾರಿಗೋ ಒಪ್ಪಿಸಿ ಬಂದು ಕಲ್ಲು ಹಿಡಿದುಕೊಂಡಿದ್ದ. ಆರತಿ ಕಟ್ಟೆಯ ಮೇಲೆ ಅದೇ ಕಂಬಳಿ ಹೊದ್ದು ಕುಳಿತಿದ್ದಳು. ಹಬೀಬ ಅವಳಿಗೆ ಹೊದಿಸಿದ್ದನಂತೆ. ಕಾಲು ಎರಡೂ ಕಡ್ಡಿಯಂತಾಗಿವೆ. ನನ್ನನ್ನು ನೋಡಿ ಓಡಲಿಲ್ಲ, ನಗಲಿಲ್ಲ, ನೋಡುತ್ತಲೇ ಇದ್ದಳು.

ನಡುವಿನ ಫೋಟೋ ಸಂಜುಕುಮಾರನ ಹೆಸರಿನ ಬೋರ್ಡು ಇಟ್ಟು ತೆಗೆಯಬೇಕಿತ್ತು. ತೆಗೆದೆ. ಕಲ್ಲು ಹಿಡಿದವರು ಬೋರ್ಡಿಗೆ ಜಾಗ ಬಿಟ್ಟು ಸರಿದು ನಿಂತರು. ಬೈದಿದ್ದರೆ ಒಳ್ಳೆಯದಿತ್ತು.

ಮಧ್ಯಾಹ್ನ ವಾಲ್ವ್ ತೆರೆದರು. ಮೊದಲು ಗಾಳಿ, ಆಮೇಲೆ ಕಂದು ನೀರು, ಆಮೇಲೆ ತಿಳಿ ನೀರು. ಕಾಂತಾಬಾಯಿ ತಂಬಿಗೆ ಬೆಳಗಿ ತಂದು ನಳಕ್ಕೆ ಹಿಡಿದಳು. ಓಣಿಯವರೆಲ್ಲ ಹಬೀಬನ ಕಡೆ ನೋಡಿದರು. ಅವನು ಕೈ ಒರೆಸಿಕೊಂಡು ತಲೆಯಾಡಿಸಿದ.

"ರಂಜಾನ್ ರೋಜಾ ಅದರಿ ಕಾಂತಕ್ಕಾ. ಹೊತ್ತ ಮುಳಗೂ ತನಕ ಹನಿ ಮುಟ್ಟಂಗಿಲ್ಲ."

ಮಡೆಪ್ಪ ಕುಡಿಯುತ್ತೇನೆ ಎಂದು ಕೈ ಚಾಚಿದ. ಅವಳು ಕೊಡಲಿಲ್ಲ. ನನಗೆ ಕೊನೆಯ ಫೋಟೋದ ಕೆಲಸವಿತ್ತು. ಫೋನ್ ಹಿಡಿದು, ಕಾಂತಾಬಾಯಿ, ನೀವೇ ನಳದ ಹತ್ತಿರ ನಿಂತು ಕುಡಿಯಿರಿ, ಮುಖ ಈ ಕಡೆ ಇರಲಿ ಎಂದೆ. ಅವಳು ತಂಬಿಗೆ ಹಿಡಿದು ನನ್ನ ಹತ್ತಿರ ಬಂದಳು. ಸಿಟ್ಟಿನಿಂದಲ್ಲ, ಬಂದವರಿಗೆ ನೀರು ಕೊಡುವ ಹಾಗೆಯೇ ಬಂದಳು.

"ಹಾಕಿದವರು ಕುಡಿಯಂಗಿಲ್ಲ ಅಂದ್ರ, ತೆಗಿಸಿದವರು ಕುಡೀಲಿ. ಹಿಡೀರಿ ಮೇಡಂ. ಫೋಟೋ ನಾ ಹೊಡೀತೇನಿ."

ನನ್ನ ಕೈಯಿಂದ ಫೋನ್ ತೆಗೆದುಕೊಂಡು ತಂಬಿಗೆ ಕೊಟ್ಟಳು. ಪಾತ್ರೆಯನ್ನೇ ಕೊಟ್ಟಳು. ಬ್ಯಾಗಿನಲ್ಲಿ ನನ್ನ ಬಾಟಲಿ ಇತ್ತು. ಎಲ್ಲರೂ ನೋಡುತ್ತಿದ್ದರು, ಕಟ್ಟೆಯ ಮೇಲಿನ ಹುಡುಗಿಯೂ. ತಾಮ್ರದ ಅಂಚು ತಣ್ಣಗಿತ್ತು. ಮೊದಲ ಗುಟುಕನ್ನು ಬಾಯಲ್ಲಿ ಹಿಡಿದುಕೊಂಡೆ. ನುಂಗಿದೆ. ಇನ್ನೊಂದು ನುಂಗಿದೆ. ತಂಬಿಗೆ ದೊಡ್ಡದಿತ್ತು, ಅವಳು ಸಾಕು ಅನ್ನಲಿಲ್ಲ, ನಾನೂ ಕೇಳಲಿಲ್ಲ. ತಳ ಕಾಣುವವರೆಗೆ ಕುಡಿದು ತಂಬಿಗೆ ವಾಪಸು ಕೊಟ್ಟೆ. ಅವಳು ಫೋನ್ ಕೊಟ್ಟಳು. ಆಮೇಲೆ ಅದೇ ತಂಬಿಗೆಯನ್ನು ಮತ್ತೆ ತುಂಬಿ ಆರತಿಯ ಬಾಯಿಗೆ ಹಿಡಿದಳು.

ಔರಾದಿನ ಬಸ್ಸಿನಲ್ಲಿ ಕುಳಿತು ಆ್ಯಪ್ ತೆರೆದೆ. ಯಾರು ಪಕ್ಕದಲ್ಲಿದ್ದರೋ ನೋಡಲಿಲ್ಲ. ಫೋಟೋ ಅಲುಗಾಡದೆ ಬಂದಿದೆ. ನಳ ಕಾಣುತ್ತದೆ, ಕಲ್ಲಿನ ಮೇಲಿನ ಪೈಪು ಕಾಣುತ್ತದೆ, ನೀರು ಕುಡಿಯುವವಳ ಮುಖ ಕಾಣುತ್ತದೆ. ಕೆಳಗೆ ಫಲಾನುಭವಿಯ ಹೆಸರು ಎಂದು ಕೇಳಿತು. ಫೋಟೋದಲ್ಲಿ ಇರುವವರ ಹೆಸರೇ ಇರಬೇಕು, ಬೇರೆ ಹಾಕಿದರೆ ತಿರಸ್ಕರಿಸುತ್ತಾರೆ.

ಮಹಾಮಾಯಾ ಎಂದು ಬರೆದೆ. ಒಂದೇ ಸಲಕ್ಕೆ ಪಾಸಾಯಿತು.